ಮೂರು ಸುತ್ತಿನ ಕಾಲುಂಗುರ

ಹುಣಸೂರಿನ ಬೆಳ್ಳಿ ಅಂಗಡಿಯವನು ಕೆಂಪು ಬಟ್ಟೆಯ ಮೇಲೆ ಕಾಲುಂಗುರಗಳನ್ನು ಸುರಿದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದೇ. ಮೂರು ಸುತ್ತಿನದು. ಹೂವಿಲ್ಲ, ಕಲ್ಲಿಲ್ಲ, ಬೆರಳಿಗೆ ಸುಮ್ಮನೆ ಮೂರು ಸಲ ಸುತ್ತಿಕೊಳ್ಳುವ ಹಳೇ ಕಾಲದ ದಪ್ಪ ಬೆಳ್ಳಿ. ನನ್ನ ಮಗನ ಮದುವೆ ಹತ್ತಿರ ಬಂದಿದೆ. ಸೊಸೆಯಾಗಿ ಬರುವ ಹುಡುಗಿಯನ್ನು ಕರೆದುಕೊಂಡು ಪಿರಿಯಾಪಟ್ಟಣದಿಂದ ಬಸ್ಸು ಹತ್ತಿ ಬಂದಿದ್ದೆ. ಅಷ್ಟು ಜೋಡಿಗಳ ನಡುವೆ ಕೈಯಾಡಿಸಿದ ಹುಡುಗಿ, ಬೇಕು ಅಂತಲೇ ಮಾಡಿದ ಹಾಗೆ, ಅದನ್ನೇ ಎತ್ತಿಕೊಂಡಳು.

"ಇದು ಚೆನ್ನಾಗೈತಲ್ವಾ ಅತ್ತೆ?" ಅಂದಳು.

ನನ್ನ ಹೊಟ್ಟೆಯೊಳಗೆ ಹಳೇ ಕಿಚ್ಚು ಭಗ್ ಅಂದಿತು. ಎಷ್ಟೋ ದಿನದಿಂದ ಅದು ಅಲ್ಲಾಡಿರಲಿಲ್ಲ, ಆರಿಯೇ ಹೋಯಿತು ಅಂದುಕೊಂಡಿದ್ದೆ...

ಆ ಕಾಲುಂಗುರದವಳನ್ನು ನಾನು ಹೆಸರು ಹಿಡಿದು ಕರೆದವಳೇ ಅಲ್ಲ. ಮೈಸೂರಿನ ಕ್ಯಾನ್ಸರ್ ವಾರ್ಡಿನಲ್ಲಿ ಎಲ್ಲರಿಗೂ ಊರೇ ಹೆಸರು. ನಾನು ಪಿರಿಯಾಪಟ್ಟಣದವಳು, ಅವಳು ಸರಗೂರಿನವಳು. ನನ್ನ ಪಕ್ಕದ ಮಂಚ. ಇಬ್ಬರಿಗೂ ಒಂದೇ ಕಾಯಿಲೆ, ಅಂಡಾಶಯದ ಕ್ಯಾನ್ಸರ್. ಇಬ್ಬರಿಗೂ ಹಿಂದೊಮ್ಮೆ ಆಪರೇಷನ್ ಆಗಿ, ಕೀಮೋ ಮುಗಿದು, ಕೂದಲು ಮತ್ತೆ ಬೆಳೆದು, ಸದ್ಯ ಗೆದ್ದೆವು ಅಂತ ಮನೆಯಲ್ಲಿ ಪಾಯಸ ಮಾಡಿ ಉಂಡವರೇ. ಇಬ್ಬರಿಗೂ ತಿರುಗಿ ಬಂದಿತ್ತು. ವ್ಯತ್ಯಾಸ ಇಷ್ಟೇ, ಅವಳ ಹೊಟ್ಟೆಯಲ್ಲಿ ಗಡ್ಡೆ ಒಂದೇ ಇತ್ತು. ನನ್ನ ಹೊಟ್ಟೆಯಲ್ಲಿ ಗಡ್ಡೆಯ ಜೊತೆ ಕಿಚ್ಚೂ ಇತ್ತು.

ಅವಳ ಮೇಲೆ ಹೊಟ್ಟೆಕಿಚ್ಚು ಪಡದೆ ಇರುವುದಾದರೂ ಹೇಗೆ ಹೇಳಿ? ಕೀಮೋ ಮುಗಿದ ಮೇಲೆ ನನಗೆ ಬಂದದ್ದು ಹಂದಿ ಕೂದಲಿನಂಥ ನೆಟ್ಟನೆ ಬಿಳಿ ಕೂದಲು. ಅವಳಿಗೆ ಗುಂಗುರು ಗುಂಗುರಾಗಿ, ಕಪ್ಪಗೆ, ಫೋಟೋಕ್ಕೆ ನಿಂತವಳ ಹಾಗೆ ಬಂದಿತ್ತು. ನನಗೆ ನೀರು ಕುಡಿದರೂ ವಾಕರಿಕೆ. ಅವಳು ಹುಚ್ಚೆಳ್ಳು ಚಟ್ನಿ ಕಲಸಿಕೊಂಡು ಮುದ್ದೆ ನುಂಗಿ ತೇಗುತ್ತಿದ್ದಳು. ಅವಳ ಮಂಚ ಕಿಟಕಿ ಪಕ್ಕ ಇತ್ತು. ಗಾಳಿ ಬೆಳಕು ಎಲ್ಲ ಅವಳಿಗೇ ಅಂತ ನಾನು ಒಂದು ದಿನ ಗೊಣಗಿದ್ದೇ ತಡ, "ನೀನೇ ಬಾ ಕಣಕ್ಕ ಈ ಕಡೀಕೆ" ಅಂತ ದಿಂಬು ಎತ್ತಿಕೊಂಡು ಎದ್ದೇಬಿಟ್ಟಳು. ಕೊಟ್ಟೇಬಿಟ್ಟಳು! ಜಗಳಕ್ಕಾದರೂ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಸುಲಭವಾಗಿ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ಗಂಡ. ಹತ್ತಿ ಬೆಳೆಯುವ ರೈತ, ಮಾತು ಕಡಿಮೆ. ಕಿತ್ತಳೆ ಹಣ್ಣು ಬಿಡಿಸಿ, ತೊಳೆಯ ಮೇಲಿನ ಬಿಳಿ ನಾರನ್ನೂ ಒಂದೊಂದಾಗಿ ಎಳೆದು, ಅವಳ ಬಾಯಿಗಿಡುತ್ತಿದ್ದ. ವಾರ್ಡಿನ ಹೆಂಗಸರೆಲ್ಲ ನೋಡುತ್ತಿದ್ದರೂ ಮಂಚದ ಕಾಲುದೆಸೆಯಲ್ಲಿ ಕೂತು ಅವಳ ಪಾದ ಒತ್ತುತ್ತಿದ್ದ. ನನ್ನ ಯಜಮಾನರು ಒಳ್ಳೆಯವರೇ, ಇಲ್ಲ ಅನ್ನುವುದಿಲ್ಲ. ಆದರೆ ಅವರು ಹೋಗುವತನಕ ನನಗೆ ಒಂದು ಲೋಟ ನೀರು ತಂದುಕೊಟ್ಟ ನೆನಪು ನನಗಿಲ್ಲ. ಮಗ ವಾರಕ್ಕೊಮ್ಮೆ ಬಂದು, ಮಂಚದ ಕಂಬಿ ಹಿಡಿದು ನಿಂತು, ಫೋನು ನೋಡಿ, "ಬತ್ತೀನಿ ಕಣವ್ವ, ಟ್ರ್ಯಾಕ್ಟ್ರು ಬಾಡಿಗೆ ಐತೆ" ಅಂತ ಹೊರಟುಬಿಡುತ್ತಿದ್ದ.

ಆ ಮನುಷ್ಯ ಪಾದ ಒತ್ತುವಾಗೆಲ್ಲ ನನ್ನ ಕಣ್ಣು ಹೋಗುತ್ತಿದ್ದುದು ಅವಳ ಕಾಲುಂಗುರದ ಮೇಲೆ. ಎರಡು ಪಾದದಲ್ಲೂ ಮೂರು ಸುತ್ತಿನವು. ಚುಂಚನಕಟ್ಟೆ ಕಡೆಯ ಅವಳ ತೌರಿನಲ್ಲಿ ಅಜ್ಜಿಯ ಕಾಲದಿಂದ ಬಂದದ್ದಂತೆ. ಗಂಡ ಹೋದ ಮೇಲೆ ಕಾಲುಂಗುರ ತೆಗೆಯುವುದು ನಮ್ಮಲ್ಲಿ ಪದ್ಧತಿ. ನನ್ನದನ್ನು ತೆಗೆದು ವರ್ಷಗಳಾಗಿದ್ದವು. ಬೆರಳಿನ ಬುಡದಲ್ಲಿ ಬಿಳಿಚಿಕೊಂಡಿದ್ದ ಗೆರೆಯೂ ಅಳಿಸಿಹೋಗಿತ್ತು. ಅಂಗನವಾಡಿಯಲ್ಲಿ ಇಷ್ಟು ವರ್ಷ ಟೀಚರಾಗಿದ್ದವಳು ನಾನು. ಬೇರೆಯವರ ತಟ್ಟೆ ನೋಡಬಾರದು ಅಂತ ಮಕ್ಕಳಿಗೆ ಹೇಳಿಕೊಟ್ಟವಳು. ಅವಳ ಪಾದ ಮಾತ್ರ ನನಗೆ ಬಾಯಿಪಾಠವಾಗಿತ್ತು. ಎಡಗಾಲಿನ ಕಿರುಬೆರಳಿನ ಮೇಲೆ ಒಂದು ಮಚ್ಚೆ, ಬಲ ಹಿಮ್ಮಡಿಯಲ್ಲಿ ಒಂದು ಒಡಕು...

ಕಿಚ್ಚು ನೆತ್ತಿಗೇರಿದ್ದು ಸ್ಕ್ಯಾನಿಂಗ್ ಆದ ದಿನ. ದೊಡ್ಡ ಡಾಕ್ಟರು ನನ್ನ ರಿಪೋರ್ಟು ನೋಡಿ, ನಿಮ್ಮದು ಹೊಟ್ಟೆಯೊಳಗೆ ಅಲ್ಲಲ್ಲಿ ಹರಡಿದೆ ಅಮ್ಮ, ಇನ್ನೊಂದು ಆಪರೇಷನ್ನಿನಿಂದ ಪ್ರಯೋಜನ ಇಲ್ಲ, ಔಷಧಿಯಲ್ಲೇ ನೋಡೋಣ ಅಂದರು. ಆಮೇಲೆ ಅವಳ ಕಡೆ ತಿರುಗಿದರು. ನಿಮ್ಮದು ಒಂದೇ ಕಡೆ ಇದೆ, ಕಿಬ್ಬೊಟ್ಟೆಯ ಎಡಗಡೆ, ಆಪರೇಷನ್ ಮಾಡಿ ತೆಗೆಯಬಹುದು ಅಂದರು.

ತೆಗೆಯಬಹುದು! ಆ ಒಂದು ಮಾತು ನನಗೆ ಸಿಗಬೇಕಾಗಿತ್ತು. ಹೊಟ್ಟೆ ಕೊಯ್ಯಿಸಿಕೊಳ್ಳುವುದಕ್ಕೂ ಅಸೂಯೆ ಪಡುವವರು ಇರುತ್ತಾರಾ ಅಂತ ನೀವು ಕೇಳಬಹುದು. ನಮ್ಮ ವಾರ್ಡಿಗೆ ಬಂದು ನೋಡಿ. ಅಲ್ಲಿ ಆಪರೇಷನ್ ಮಾಡುತ್ತೀವಿ ಅಂದರೆ ಬದುಕಿಸುತ್ತೀವಿ ಅಂತ ಅರ್ಥ, ಬೇಡ ಅಂದರೆ ಹೋಗಿಬನ್ನಿ ಅಂತ ಅರ್ಥ. ಹಾಗಂತ ನಾವು ತಿಳಿದುಕೊಂಡಿದ್ದೆವು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವಳು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಕೈ ಕೊಡವಿಬಿಟ್ಟೆ.

"ಬಯ್ಯಂಗಿದ್ರೆ ಬೈದ್ಬುಡು ಕಣಕ್ಕ, ಮುಖ ತಿರುಗುಸ್ಬ್ಯಾಡ" ಅಂದಳು.

"ಹೋಗಮ್ಮಿ, ನಿನ್ನ ಅದೃಷ್ಟ ನೀನು ಉಣ್ಣು" ಅಂದೆ.

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸಮ್ಮ ಬಂದು ಒಡವೆಯೆಲ್ಲ ಬಿಚ್ಚಬೇಕು ಅಂದಳು. ಸರಗೂರಿನವಳು ತಾಳಿ, ಓಲೆ, ಮೂಗುಬೊಟ್ಟನ್ನು ಊರಿಂದ ಬಂದಿದ್ದ ತನ್ನ ಅತ್ತೆಯ ಕೈಗೆ ಕೊಟ್ಟಳು. ಕಾಲುಂಗುರ ಬಿಚ್ಚಿದ ಮೇಲೆ ಮಾತ್ರ ಅತ್ತೆ ಚಾಚಿದ ಕೈಯನ್ನು ದಾಟಿಸಿ ನನ್ನ ಕಡೆ ಹಿಡಿದಳು. ಆ ಮುದುಕಿಯ ಮುಖ ನೋಡಬೇಕಾಗಿತ್ತು. ಮುತ್ತೈದೆಯ ಕಾಲುಂಗುರವನ್ನು ಗಂಡನಿಲ್ಲದವಳ ಕೈಗೆ ಕೊಡುವುದು ಅಂದರೇನು? ಅದೂ ಇಂಥ ದಿನ! ನನಗೂ ಗಾಬರಿಯಾಯಿತು.

"ಲೇ, ನಿಂಗೇನ್ ಬುದ್ಧಿ ಕೆಟ್ಟೈತಾ? ನಿಮ್ಮತ್ತೆಗೆ ಕೊಡು" ಅಂದೆ.

"ನೀನು ಅದನ್ನ ನೋಡೋ ನೋಟ ನಂಗೊತ್ತಿಲ್ವಾ ಅಕ್ಕ?" ಅಂತ ನಕ್ಕಳು. "ನಿನ್ನಷ್ಟು ಉಷಾರಾಗಿ ಇನ್ಯಾರು ಕಾಯ್ತಾರೆ? ನೀನೇ ಮಡೀಕೊ. ಬಂದ್ಮೇಕೆ ನೀನೇ ಆಕ್ಬೇಕು."

ನನ್ನ ಹೊಟ್ಟೆಕಿಚ್ಚು ಅವಳಿಗೆ ಗೊತ್ತಿತ್ತು! ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಕಿಟಕಿ ಪಕ್ಕದ ಮಂಚ ಕೊಟ್ಟಿದ್ದಳು, ಚಟ್ನಿಪುಡಿ ಕೊಟ್ಟಿದ್ದಳು. ಅಷ್ಟು ಸಿಟ್ಟು ನನಗೆ ಇನ್ನು ಯಾವತ್ತೂ ಬಂದಿಲ್ಲ. ಕರ್ಚೀಫಿನಲ್ಲಿ ಗಂಟು ಕಟ್ಟಿ ದಿಂಬಿನ ಕೆಳಗಿಟ್ಟುಕೊಂಡೆ. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಒಂದನ್ನು ನನ್ನ ಬೆರಳಿಗೆ ಹಾಕಿ ನೋಡಿದೆ. ಯಾಕೆ ಸುಳ್ಳು ಹೇಳಲಿ? ಅದಕ್ಕೂ ಅದೃಷ್ಟ ಬೇಕು. ಕೀಮೋ ಔಷಧಿಯಿಂದ ನನ್ನ ಎರಡೂ ಪಾದ ಸದಾ ಜೋಮು ಹಿಡಿದಂತೆ ಮರಗಟ್ಟಿರುತ್ತಿದ್ದವು. ಕಾಲುಂಗುರ ಹಾಕಿದ್ದು ಕಣ್ಣಿಗೆ ಕಂಡಿತೇ ಹೊರತು ಬೆರಳಿಗೆ ಗೊತ್ತೇ ಆಗಲಿಲ್ಲ.

ಆಪರೇಷನ್ ಬಹಳ ಹೊತ್ತು ನಡೆಯಿತು. ಗಡ್ಡೆ ಪೂರ್ತಿ ಬಂತು ಅಂದರು. ಐಸಿಯುನಲ್ಲಿ ಇಟ್ಟಿದ್ದು, ಮಾರನೆಯ ದಿನ ಊಟದ ಹೊತ್ತಿಗೆ ವಾರ್ಡಿಗೆ ತಂದು ಮಲಗಿಸಿದರು. ಸುಸ್ತಾಗಿದ್ದರೂ ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು. ಸ್ವಲ್ಪ ಹೊತ್ತಿಗೆ, "ಎಡಗಾಲು ಜೋಮು ಇಡದೈತೆ ಕಣಕ್ಕ" ಅಂದಳು.

ನಮ್ಮ ವಾರ್ಡಿನಲ್ಲಿ ಜೋಮು ಅಂದರೆ ಹಾಜರಿ ಕೂಗಿದ ಹಾಗೆ. ಯಾರಿಗಿಲ್ಲ ಜೋಮು? ಕೀಮೋ ಹತ್ತಿಸಿಕೊಂಡವರೆಲ್ಲ ಬೆಳಗಾದರೆ ಹೇಳುವ ಮಾತು ಅದೊಂದೇ. ನರ್ಸಮ್ಮ ಡ್ರಿಪ್ ಸರಿಮಾಡುತ್ತಾ, "ಕೀಮೋ ತಗೊಂಡವರಿಗೆ ಜೋಮು ಇದ್ದಿದ್ದೇ ಅಲ್ವಾ ಅಮ್ಮ, ಹೋಗುತ್ತೆ" ಅಂತ ಮುಂದಿನ ಮಂಚಕ್ಕೆ ಹೋದಳು. ಅವಳ ಅತ್ತೆ, ಮಲಗಿ ಮಲಗಿ ಜೋಮು ಹಿಡಿದಿದೆ, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ ಅಂದಳು. ನನಗೆ ರೇಗಿತು. ಆಪರೇಷನ್ನೂ ಆಯಿತು, ಗಡ್ಡೆಯೂ ಹೋಯಿತು, ಇನ್ನು ನಮ್ಮಂಥವರ ಪಾಲಿನ ಜೋಮಿಗೂ ರಾಗ ಎಳೆಯುತ್ತಾಳಲ್ಲ ಅನ್ನಿಸಿತು.

"ಜೋಮು ಯಾರ್ಗಿಲ್ಲ, ಸುಮ್ನೆ ಮನಿಕೊ ಅಮ್ಮಿ" ಅಂದೆ.

ಅವಳು ನನ್ನ ದಿಂಬಿನ ಕಡೆ ನೋಡಿದಳು. ಆಮೇಲೆ, "ಕಾಲುಂಗ್ರ ಆಕು ಮತ್ತೆ" ಅಂದಳು.

ಗಂಟು ಬಿಚ್ಚಿದೆ. ಅತ್ತೆ, ನಾನು ಹಾಕುತ್ತೀನಿ ಕೊಡಿ ಅಂತ ಕೈಚಾಚಿದಳು. ಇವಳು ತಲೆಯಾಡಿಸಿದಳು. ಅವಳ ಗಂಡ ಟೀ ತರಲು ಕೆಳಗೆ ಹೋಗಿದ್ದ. ನಾನು ಮಂಚದ ಕಾಲುದೆಸೆಯಲ್ಲಿ, ಅವನು ಯಾವಾಗಲೂ ಕೂರುವ ಜಾಗದಲ್ಲೇ, ಕೂತೆ. ಮೊದಲು ಬಲಗಾಲು. ಡ್ರಿಪ್ಪಿನ ನೀರೆಲ್ಲ ಇಳಿದು ಪಾದ ಊದಿಕೊಂಡಿತ್ತು, ಬೆಚ್ಚಗಿತ್ತು. ಕಾಲುಂಗುರ ಬಿಗಿಯಾಯಿತು. ತಿರುಗಿಸಿ ತಿರುಗಿಸಿ ಒತ್ತಿದೆ. "ಸ್... ನಿಧಾನ ಕಣಕ್ಕ" ಅಂದಳು.

ಆಮೇಲೆ ಎಡಗಾಲು. ಉಂಗುರ ಸಲೀಸಾಗಿ ಜಾರಿಕೊಂಡು ಹೋಯಿತು. ಅವಳು ಸ್ ಅನ್ನಲಿಲ್ಲ. ಬೆರಳು ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ತಣ್ಣಗಿತ್ತು. ಪಾದಕ್ಕೆ ಬಣ್ಣವೇ ಇರಲಿಲ್ಲ. ನನಗೆ ಬಾಯಿಪಾಠವಾಗಿದ್ದ ಕಿರುಬೆರಳಿನ ಮಚ್ಚೆ ಇದ್ದಕ್ಕಿದ್ದಂತೆ ಕಪ್ಪಗೆ ಎದ್ದು ಕಾಣುತ್ತಿತ್ತು.

"ಆಕ್ದಾ?" ಅಂತ ಕೇಳಿದಳು.

ಹಾಕಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಹಿಂದಿನ ದಿನ ಬಚ್ಚಲುಮನೆಯಲ್ಲಿ ನನ್ನ ಬೆರಳಿಗೆ ಗೊತ್ತಾಗದ ಹಾಗೆಯೇ. ಆದರೆ ನನ್ನ ಬೆರಳು ಜೋಮು ಹಿಡಿದಿದ್ದರೂ ಬೆಚ್ಚಗಿತ್ತು. ನನ್ನದು ಎರಡೂ ಕಾಲು, ಇವಳದು ಒಂದೇ. ಮುದುಕಿ ಎಣ್ಣೆ ಬಾಟಲಿ ಹಿಡಿದುಕೊಂಡು ಬರುತ್ತಿದ್ದಳು. ಅವಳ ಕೈಯನ್ನು ತಳ್ಳಿ ನಾನು ವಾರ್ಡೆಲ್ಲ ಕೇಳುವ ಹಾಗೆ ಕಿರುಚಿಕೊಂಡೆ:

"ಸಿಸ್ಟರ್, ಇದು ನಮ್ ಜೋಮಲ್ಲ! ಬಂದು ಮುಟ್ಟಿ ನೋಡಿ!"

ಆಮೇಲಿನದೆಲ್ಲ ಗಡಿಬಿಡಿ. ನರ್ಸಮ್ಮ ಓಡಿಬಂದಳು, ಮುಟ್ಟಿದಳು, ಮುಖ ಬದಲಾಯಿತು. ಡಾಕ್ಟರುಗಳು ಬಂದು ಒಂದು ಚಿಕ್ಕ ಮೆಷಿನ್ನನ್ನು ಬಲಪಾದಕ್ಕೆ ಒತ್ತಿದರು. ರಕ್ತ ಹರಿಯುವ ಸದ್ದು ಶೂ ಶೂ ಅಂತ ನಮಗೆಲ್ಲ ಕೇಳಿಸಿತು. ಎಡಪಾದಕ್ಕೆ ಒತ್ತಿದರು. ಏನೂ ಇಲ್ಲ... ಟೀ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತ ಅವಳ ಗಂಡನಿಗೆ ಡಾಕ್ಟರು ನಿಂತಲ್ಲೇ ವಿವರಿಸಿದರು. ಗಡ್ಡೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು, ಬಿಡಿಸಿ ತೆಗೆಯುವಾಗ ನಾಳದ ಒಳಪದರಕ್ಕೆ ಪೆಟ್ಟಾಗಿ ಈಗ ಅಲ್ಲಿ ರಕ್ತ ಹೆಪ್ಪುಗಟ್ಟಿದೆ, ತಡವಾದರೆ ಕಾಲು ಉಳಿಯುವುದಿಲ್ಲ, ಈಗಲೇ ಒಳಗೆ ಕರೆದುಕೊಂಡು ಹೋಗಿ ಆ ಹೆಪ್ಪು ತೆಗೆದು ನಾಳ ಸರಿಮಾಡಬೇಕು ಅಂದರು. ಹೀಗಾಗುವುದು ಬಹಳ ಅಪರೂಪ ಅಂತಲೂ ಹೇಳಿದರು.

ಕಾಲು ಉಳಿಯಿತು. ಸಂಜೆ ಹೊತ್ತಿಗೆ ಪಾದ ಬೆಚ್ಚಗಾಯಿತಂತೆ. ಅವಳ ಅತ್ತೆ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೈಗೆ ಕಾಲುಂಗುರ ಕೊಟ್ಟದ್ದಕ್ಕೆ ಮುಖ ಸಿಂಡರಿಸಿದವಳು! ಗಂಡ, "ನೀವಿಲ್ದಿದ್ರೆ ಏನ್ಗತಿ ಟೀಚರಮ್ಮ" ಅಂತ ನಿಂತಲ್ಲೇ ಅತ್ತ. ನನಗೆ ಸಂತೋಷವಾಗಿತ್ತು, ಆದರೆ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮಾರನೆಯ ದಿನದಿಂದ ದೊಡ್ಡ ದೊಡ್ಡ ಡಾಕ್ಟರುಗಳು, ಕಲಿಯುವ ಹುಡುಗ ಹುಡುಗಿಯರು ಎಲ್ಲ ಅವಳ ಮಂಚದ ಸುತ್ತ ನಿಂತು ಅಪರೂಪದ ಕೇಸು, ಅಪರೂಪದ ಕೇಸು ಅಂತ ಬರೆದುಕೊಂಡಿದ್ದೇ ಬರೆದುಕೊಂಡಿದ್ದು. ನನ್ನ ಮಂಚದ ಕಡೆ ಒಬ್ಬರೂ ತಿರುಗಲಿಲ್ಲ. ನೋಡಿ, ಕಾಯಿಲೆಯಲ್ಲೂ ಅವಳದು ಅಪರೂಪ, ನನ್ನದು ಮಾಮೂಲಿ!

ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. "ನಮ್ಮೂರ್ ನಾಲೆ ತೂಬಿಗೆ ಕಸ ಸಿಕ್ಕೊಂಡಂಗೆ ಕಣಕ್ಕ. ಕೆಳಗಿನ್ ಗದ್ದೆಗೆ ನೀರಿಲ್ಲ. ನೀನು ನೋಡಿ ಕೂಗ್ದೆ. ಗದ್ದೆ ಕಾಯೋರೇ ಅಂಗೆ, ಪಕ್ಕದೋರ ಗದ್ದೆಗೆ ಎಷ್ಟು ನೀರು ಓಯ್ತು ಅಂತ್ಲೇ ನೋಡ್ತಿರ್ತಾರೆ" ಅಂದಳು. ಹೊಗಳಿದಳೋ ಬೈದಳೋ ಇವತ್ತಿಗೂ ಗೊತ್ತಾಗಿಲ್ಲ.

ಸರಗೂರಿಗೆ ಹೋದ ಮೇಲೆ ಫೋನಿನಲ್ಲಿ ಫೋಟೋ ಕಳಿಸುತ್ತಿದ್ದಳು. ಹತ್ತಿ ಹೊಲದ ಬದುವಿನ ಮೇಲೆ ನಿಂತದ್ದು, ಅಂತರಸಂತೆಯ ಸಂತೆಯಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದದ್ದು. ಪ್ರತಿ ಫೋಟೋದಲ್ಲೂ ಚಪ್ಪಲಿ ಬಿಟ್ಟು ಪಾದ ಮುಂದಿಟ್ಟಿರುತ್ತಿದ್ದಳು, ಬೇಕು ಅಂತಲೇ. ನಾನು ಇಲ್ಲಿ ಮಾತ್ರೆ ನುಂಗಿ, ಹೊಗೆಸೊಪ್ಪು ಒಣಗಿಸುವ ವಾಸನೆಗೆ ವಾಂತಿ ಮಾಡಿಕೊಂಡು ಮಲಗಿರುತ್ತಿದ್ದೆ. ಫೋಟೋ ನೋಡಿದ ಕೂಡಲೇ ಮೈಯುರಿದು ಎದ್ದು ಕೂರುತ್ತಿದ್ದೆ. ಇವಳು ನಡೆಯುವುದಾದರೆ ನನಗೇನು ರೋಗ ಅಂತ ಅಂಗಳದ ತುದಿತನಕ ಹೋಗಿ ಬರುತ್ತಿದ್ದೆ. ಡಾಕ್ಟರು ಕೊಟ್ಟ ಟಾನಿಕ್ಕಿಗಿಂತ ಆ ಉರಿಯೇ ನನ್ನನ್ನು ನಡೆಸಿತು.

ಒಂದು ಸಂಜೆ ಫೋನು ಮಾಡಿದಳು. ದನಿ ಎಂದಿನ ಹಾಗೇ ಇತ್ತು.

"ಎಡಗಡೆ ತೊಡೆಸಂದೀಲಿ ಒಂದು ಗಂಟು ಎದ್ದೈತೆ ಕಣಕ್ಕ. ಕೈ ಮಡಗುದ್ರೆ ಡಬ್ ಡಬ್ ಅಂತೈತೆ. ನಂಗೆ ಇನ್ನೊಂದು ಎದೆ ಉಟ್ಟೈತೆ ನೋಡು. ಇದ್ಕೂ ಒಟ್ಟೆ ಉರ್ಕೊಂಡೀಯ!"

ನಾನು ನಗಲಿಲ್ಲ. "ಆಡ್ಬ್ಯಾಡ ಕಣಮ್ಮಿ, ಈಗ್ಲೇ ಒರಡು" ಅಂದೆ. ಗಂಡನಿಗೆ ಫೋನು ಕೊಡಿಸಿ ಗದರಿಸಿದೆ. ಕಾರು ಹಿಡಿದು ಆಗಲೇ ಹೊರಟರು. ಎಚ್.ಡಿ. ಕೋಟೆ ದಾಟುವಷ್ಟರಲ್ಲಿ ಆ ಗಂಟು ಒಡೆಯಿತು. ಹಿಂದೆ ಸರಿಮಾಡಿದ್ದ ರಕ್ತನಾಳದ ಜಾಗವೇ ತೆಳುವಾಗಿ, ಬಲೂನಿನ ಹಾಗೆ ಉಬ್ಬಿ, ಒಳಗೊಳಗೇ ಒಡೆದದ್ದು ಅಂತ ಆಮೇಲೆ ತಿಳಿಯಿತು. ಇದೂ ಅಪರೂಪವೇ ಅಂತೆ. ಕ್ಯಾನ್ಸರ್ ಅವಳ ಮೈಯಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ... ಮೈಸೂರು ಮುಟ್ಟಲಿಲ್ಲ ಅವಳು.

ಮಾರನೆಯ ದಿನ ಸರಗೂರಿಗೆ ಹೋದೆ. ಅರಿಶಿನ ಹಚ್ಚಿ, ಹೂ ಮುಡಿಸಿ, ಹೊಸ ಸೀರೆ ಹೊದಿಸಿ ಮಲಗಿಸಿದ್ದರು. ಸುತ್ತ ಕೂತ ಹೆಂಗಸರು, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಅನ್ನುತ್ತಿದ್ದರು. ಪುಣ್ಯವಂತೆ ಪುಣ್ಯ! ಬದುಕಬೇಕು ಅಂತ ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ಇವರ ಪುಣ್ಯ ಯಾತಕ್ಕೆ ಬೇಕಾಗಿತ್ತು? ಅವರ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸಿತು. ಅದೇ ಹೊತ್ತಿನಲ್ಲಿ ಅವಳ ಹಣೆಯ ಕುಂಕುಮ, ತಲೆದೆಸೆಯಲ್ಲಿ ಕೂತು ಅವಳ ಗುಂಗುರು ಕೂದಲು ಸವರುತ್ತಿದ್ದ ಗಂಡ, ಅದನ್ನೆಲ್ಲ ನೋಡಿ, ನನ್ನನ್ನು ಯಾರು ಹೀಗೆ ಕಳಿಸುತ್ತಾರೆ ಅಂತಲೂ ಅನ್ನಿಸಿತು. ಅಲ್ಲೂ ಬಿಡಲಿಲ್ಲ ನನ್ನ ಹೊಟ್ಟೆಕಿಚ್ಚು. ಕಾಲುದೆಸೆಯಲ್ಲಿ ಕೂತೆ. ಮೂರು ಸುತ್ತಿನ ಕಾಲುಂಗುರ ಹಾಗೇ ಇದ್ದವು. ಬಲಪಾದ ಮುಟ್ಟಿದೆ, ಎಡಪಾದ ಮುಟ್ಟಿದೆ. ಈಗ ಎರಡೂ ಒಂದೇ ಸಮ ತಣ್ಣಗಿದ್ದವು.

ಆಪರೇಷನ್ ಬೇಡ ಅನ್ನಿಸಿಕೊಂಡ ನಾನು ಮಗನ ಮದುವೆಗೆ ಬೆಳ್ಳಿ ಕೊಳ್ಳುತ್ತಿದ್ದೇನೆ. ಗಡ್ಡೆ ಇದ್ದಲ್ಲೇ ಇದೆ, ಮಾತ್ರೆಗೆ ಅಂಜಿಕೊಂಡು ಮಲಗಿದೆ ಅನ್ನುತ್ತಾರೆ ಡಾಕ್ಟರು. ಅವಳಿದ್ದಿದ್ದರೆ ಗಂಡನ ಜೊತೆ ಮದುವೆಗೆ ಬಂದು, ಸೊಸೆಯನ್ನು ಒಂದೇ ದಿನದಲ್ಲಿ ತನ್ನ ಕಡೆ ಮಾಡಿಕೊಂಡು, ಚಪ್ಪರದಲ್ಲಿ ಕಾಲುಂಗುರದ ಪಾದ ಮುಂದಿಟ್ಟು ಕೂತು, ನನ್ನ ಹೊಟ್ಟೆ ಉರಿಸುತ್ತಿದ್ದಳು. ಉರಿಸಬೇಕಾಗಿತ್ತು. ಈಗ ಅಂಗಳದ ತುದಿತನಕ ಹೋಗಿಬರುವುದಕ್ಕೂ ನನಗೆ ಬೇಸರ.

"ಬ್ಯಾಡ, ಅದನ್ನ ಇಟ್ಬುಡು" ಅಂದೆ ಹುಡುಗಿಗೆ.

"ಯಾಕತ್ತೆ?"

"ಅದು ಬೇರೆಯೋಳ್ದು."

ಅಂಗಡಿಯವನು ನಕ್ಕ. "ಇಲ್ಲ ಕಣ್ರವ್ವ, ಒಸಾ ಮಾಲು, ನಿನ್ನೆ ತಾನೇ ಬಂದಿರೋದು" ಅಂದ. ಹೂವಿನ ಜೋಡಿಯೊಂದನ್ನು ಆರಿಸಿ ಹುಡುಗಿಯ ಕೈಗೆ ಕೊಟ್ಟೆ. ಅಳತೆ ನೋಡಬೇಕಲ್ಲ, ನೀನೇ ಹಾಕಿಕೊ ಅಂದೆ. ಗಂಡನಿಲ್ಲದವಳು ಹಾಕುವುದು ಬೇಡ ಅಂತ ನನ್ನ ಮನಸ್ಸಿನಲ್ಲಿತ್ತು. ಅವಳಿಗೆ ಅದೆಲ್ಲ ಹೊಳೆಯಲೇ ಇಲ್ಲ.

"ನೀವೇ ಆಕಿ ಅತ್ತೆ" ಅಂತ ಸ್ಟೂಲಿನ ಮೇಲೆ ಕೂತು ಪಾದ ಚಾಚಿದಳು.

ನೆಲದ ಮೇಲೆ ಕೂತು ಬಲಗಾಲಿಗೆ ಹಾಕಿದೆ. ಬಿಗಿಯಾಯಿತು. "ಸ್... ನಿಧಾನ ಅತ್ತೆ" ಅಂದಳು. ಉಂಗುರ ಹಾಕುವ ಮೊದಲೇ ಇನ್ನೊಂದು ಪಾದವನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದೆ. ಅದೂ ಬೆಚ್ಚಗಿತ್ತು.